ಮಣ್ಣಿನ ಮೇಲೆ ಒತ್ತಿದ ಹೆಸರುಗಳು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಅವತ್ತು ಪರದೆ ಮೇಲೆ ಚಿತ್ರಗಳಿದ್ದವು, ಇಲ್ಲಿ ಇಲ್ಲ. ಹಾಗಾಗಿ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಚಿತ್ರ ನೋಡಿ. ಇದು ಏನಿರಬಹುದು, ಹೇಳಿ?

ಹಿಂದಿನ ಸಾಲಿನಲ್ಲಿ ಯಾರೋ ಕೌದಿ ಅಂದರು. ಇನ್ನೊಬ್ಬರು ಜರಡಿ ಅಂತಿದ್ದಾರೆ. ಕೌದಿ ಅಂದವರು ಹತ್ತಿರ ಬಂದಿದ್ದಾರೆ, ಯಾಕಂದರೆ ಇಲ್ಲಿ ಕಾಣುತ್ತಿರುವುದು ಹೊಲಿಗೆಯೇ. ಆದರೆ ಇದು ಬಟ್ಟೆಯಲ್ಲ, ಸುಟ್ಟ ಮಣ್ಣು. ಒಬ್ಬ ಬಿಲ್ಲುಗಾರ ಮಂಡಿಯೂರಿ ಕೂತಿದ್ದಾನೆ. ಎಡಮಂಡಿ ಮೇಲೆ, ಬಲಮಂಡಿ ನೆಲಕ್ಕೆ. ಹಾಗೆ ಕೂತಾಗ ಬಲಗಾಲಿನ ಅಟ್ಟೆ ಹಿಂದಕ್ಕೆ ತಿರುಗಿ ಕಾಣುತ್ತದೆ ಅಲ್ವಾ, ಇದು ಆ ಅಟ್ಟೆ. ಬೆರಳ ಹತ್ತಿರ ಹೊಲಿಗೆ ಒತ್ತಾಗಿದೆ. ಹಿಮ್ಮಡಿ ಹತ್ತಿರವೂ ಒತ್ತಾಗಿದೆ. ನಡುವೆ ಮಾತ್ರ ಬಿಡುಬಿಡಾಗಿದೆ. ಚಪ್ಪಲಿ ಹೊಲಿಯುವವರನ್ನು ಕೇಳಿ, ತಕ್ಷಣ ಕಾರಣ ಹೇಳುತ್ತಾರೆ. ಮುಂದೆ ಮತ್ತು ಹಿಂದೆ ಸವೆತ ಜಾಸ್ತಿ, ನಡುವೆ ಕಾಲು ಅಷ್ಟು ಒತ್ತುವುದಿಲ್ಲ. ಇಷ್ಟನ್ನೂ ಒಬ್ಬ ಕುಂಬಾರ ಹಸಿ ಮಣ್ಣಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಒತ್ತಿದ್ದಾನೆ. ಆಮೇಲೆ ಆ ಬೊಂಬೆಯನ್ನು ಯಾರೂ ನೋಡದ ಹಾಗೆ ನೆಲದಡಿಯಲ್ಲಿಟ್ಟು ಮುಚ್ಚಿಬಿಟ್ಟರು. 2,200 ವರ್ಷ ಯಾರೂ ನೋಡಲಿಲ್ಲ.

ಈ ಬಿಲ್ಲುಗಾರ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಹತ್ತಿರ ಹೂತಿಟ್ಟ ಮಣ್ಣಿನ ಸೈನ್ಯದವನು. ಇವತ್ತು ನನ್ನ ಮಾತು ಆ ಚಕ್ರವರ್ತಿಗಿಂತ ಈ ಕುಂಬಾರನ ಬಗ್ಗೆ ಜಾಸ್ತಿ. ಆದರೂ ಚಕ್ರವರ್ತಿಯನ್ನು ಬಿಟ್ಟು ಕತೆ ಹೇಳೋಕೆ ಆಗುವುದಿಲ್ಲ, ಅವನನ್ನು ಬೇಗ ಮುಗಿಸಿಬಿಡೋಣ.

ಹೆಸರು ಯಿಂಗ್ ಝೆಂಗ್. ಹುಟ್ಟಿದ್ದು ಕ್ರಿ.ಪೂ. 259ರಲ್ಲಿ. 246ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಚಿನ್ ಎಂಬ ರಾಜ್ಯಕ್ಕೆ ರಾಜನಾದ. ಆಗ ನಮ್ಮ ಕಡೆ ಅಶೋಕ ಆಳುತ್ತಿದ್ದ. ಒಂದೊಂದಾಗಿ ಆರು ರಾಜ್ಯಗಳನ್ನು ನುಂಗಿ, 221ರಲ್ಲಿ ಇಡೀ ಚೀನಾವನ್ನು ಒಂದು ಮಾಡಿ, ತನಗೆ ತಾನೇ ಹೊಸ ಬಿರುದು ಇಟ್ಟುಕೊಂಡ: ಚಿನ್ ಶಿ ಹ್ವಾಂಗ್‌ಡಿ. ಅಂದರೆ ಚಿನ್ ವಂಶದ ಮೊದಲ ಚಕ್ರವರ್ತಿ. ತೂಕ, ಅಳತೆ, ಲಿಪಿ, ಗಾಡಿಯ ಅಚ್ಚಿನ ಅಗಲ ಎಲ್ಲ ಒಂದೇ ಇರಬೇಕೆಂದ. ಇದೆಲ್ಲ ಶಾಲೆಯ ಪುಸ್ತಕದಲ್ಲೇ ಸಿಗುತ್ತದೆ. ನಮಗೆ ಬೇಕಾದ್ದು ಬೇರೆ ವಿಷಯ. ಪಟ್ಟಕ್ಕೆ ಬಂದ ಹೊಸದರಲ್ಲೇ ಲಿಶಾನ್ ಬೆಟ್ಟದ ಬುಡದಲ್ಲಿ ಅವನ ಸಮಾಧಿಯ ಕೆಲಸ ಶುರುವಾಯಿತು. ಹದಿಮೂರರ ಹುಡುಗನಿಗೆ ಸಮಾಧಿ ತೋಡೋಕೆ ಶುರುಮಾಡಿ, ಅವನು ನಲವತ್ತೊಂಬತ್ತಕ್ಕೆ ಸತ್ತಾಗಲೂ ಆ ಕೆಲಸ ಮುಗಿದಿರಲಿಲ್ಲ.

ಇನ್ನು ಬಾವಿಯ ಕತೆ. ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುತ್ತದೆ, ಆದರೂ ಒಂದೆರಡು ಮಾತು ಹೇಳಲೇಬೇಕು. 1974ರ ಮಾರ್ಚ್. ಶಿಯಾನ್ ಊರಿನ ಪೂರ್ವಕ್ಕೆ ಲಿನ್‌ತೊಂಗ್ ಅನ್ನುವ ಸೀಮೆ, ಅಲ್ಲಿ ಶಿಯಾಂಗ್ ಎಂಬ ಹಳ್ಳಿ. ಮಳೆ ಇಲ್ಲ. ರೈತರು ಸೇರಿ ಬಾವಿ ತೋಡುತ್ತಿದ್ದಾರೆ. ನಾಲ್ಕೈದು ಮೀಟರ್ ಹೋಗುವ ಹೊತ್ತಿಗೆ ಗುದ್ದಲಿಗೆ ಗಟ್ಟಿ ಕೆಂಪು ಮಣ್ಣು, ಆಮೇಲೆ ಒಂದು ಮಣ್ಣಿನ ತಲೆ, ಕಂಚಿನ ಬಾಣದ ಮೊನೆಗಳು. ಬಾಣದ ಮೊನೆಗಳನ್ನು ಒಂದಷ್ಟು ಜನ ಗುಜರಿಗೆ ಹಾಕಿದರಂತೆ. ತಲೆಯನ್ನು ಯಾವುದೋ ದೇವರು ಅಂದುಕೊಂಡು ಊರಿನ ಮುದುಕಿಯರು ಊದುಬತ್ತಿ ಹಚ್ಚಿದರಂತೆ. ನಮ್ಮ ಕಡೆ ಹೊಲ ಉಳುವಾಗ ವಿಗ್ರಹ ಸಿಕ್ಕಿದರೂ ಹೀಗೇ ಆಗುತ್ತದೆ, ಅಲ್ವಾ? ಗುಜರಿ ಅಂಗಡಿ ಇಲ್ಲವೇ ಅರಿಶಿನ ಕುಂಕುಮ.

ಸುದ್ದಿ ಸ್ಥಳೀಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಝಾವೊ ಕಾಂಗ್‌ಮಿನ್ ಅವರ ಕಿವಿಗೆ ಬಿತ್ತು. ಅವರು ಬಂದು ಚೂರುಗಳನ್ನೆಲ್ಲ ಬಾಚಿಕೊಂಡು ಹೋಗಿ, ಕೂತು ಜೋಡಿಸಿದರು. ಆಗ ಎದ್ದು ನಿಂತವರು ಇಬ್ಬರು ಆಳೆತ್ತರದ ಸೈನಿಕರು. ಝಾವೊ ಅವರು ಈ ವಿಷಯವನ್ನು ಮೇಲಿನವರಿಗೆ ತಕ್ಷಣ ಹೇಳಲಿಲ್ಲ. ಭಯ. ಆಗಿನ್ನೂ ಸಾಂಸ್ಕೃತಿಕ ಕ್ರಾಂತಿಯ ಕಾಲ. ಹಳೆಯ ವಸ್ತು ಕಂಡರೆ ಒಡೆಯುವ ಹುಡುಗರ ಗುಂಪುಗಳನ್ನು ಅವರು ಕಣ್ಣಾರೆ ನೋಡಿದ್ದವರು. ರಜೆಗೆ ಊರಿಗೆ ಬಂದಿದ್ದ ಒಬ್ಬ ಪತ್ರಕರ್ತ ಬರೆದ ವರದಿ ಬೀಜಿಂಗ್ ಮುಟ್ಟಿದ ಮೇಲೇ ದೊಡ್ಡ ಅಗೆತ ಶುರುವಾಗಿದ್ದು. 1979ರ ಅಕ್ಟೋಬರ್ 1ಕ್ಕೆ ಅಗೆದ ಜಾಗದ ಮೇಲೇ ಸೂರು ಹಾಕಿ ಜನರಿಗೆ ತೆರೆದರು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಒಂದನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಒಳಗೆ ಉದ್ದುದ್ದ ಓಣಿಗಳು, ಓಣಿಗಳ ನಡುವೆ ಬಡಿದು ಗಟ್ಟಿ ಮಾಡಿದ ಮಣ್ಣಿನ ಗೋಡೆ, ನೆಲಕ್ಕೆ ಇಟ್ಟಿಗೆ, ಮೇಲೆ ಮರದ ತೊಲೆ, ತೊಲೆಯ ಮೇಲೆ ಚಾಪೆ, ಚಾಪೆಯ ಮೇಲೆ ಮಣ್ಣು. ನಮ್ಮ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡನೇ ಗುಂಡಿಯಲ್ಲಿ ಕುದುರೆ ಸವಾರರು, ರಥಗಳು, ನಮ್ಮ ಮಂಡಿಯೂರಿದ ಬಿಲ್ಲುಗಾರರು. ಮೂರನೆಯದು ಚಿಕ್ಕದು, ಸೇನಾಪತಿಗಳ ಠಾಣೆಯ ಹಾಗಿದೆ. ನಾಲ್ಕನೆಯದು ಖಾಲಿ. ತೋಡಿದರು, ತುಂಬುವಷ್ಟರಲ್ಲಿ ರಾಜ್ಯವೇ ಹೋಯಿತು.

ಒಟ್ಟು 8,000 ಸೈನಿಕರು ಅಂತ ಎಲ್ಲ ಕಡೆ ಓದುತ್ತೀರಿ. ಅದು ಅಂದಾಜು. ಅಗೆದು ತೆಗೆದಿದ್ದು ಸುಮಾರು 2,000. ಉಳಿದವರು ಇನ್ನೂ ಮಣ್ಣೊಳಗೇ ನಿಂತಿದ್ದಾರೆ. "ನಿಂತಿದ್ದಾರೆ" ಅನ್ನುವುದೂ ಪೂರ್ತಿ ನಿಜವಲ್ಲ, ಬಹುಪಾಲು ಚೂರುಚೂರಾಗಿ ಬಿದ್ದಿದ್ದಾರೆ. ಚಕ್ರವರ್ತಿ ಸತ್ತ ಸ್ವಲ್ಪ ವರ್ಷಕ್ಕೇ ಯಾರೋ ಗುಂಡಿಗೆ ನುಗ್ಗಿ, ಆಯುಧ ದೋಚಿ, ಬೆಂಕಿ ಇಟ್ಟರು. ತೊಲೆಗಳು ಸುಟ್ಟು ಮಣ್ಣು ಕುಸಿಯಿತು. ನಾವು ಫೋಟೋದಲ್ಲಿ ನೋಡುವ ಆ ನೀಟಾದ ಸಾಲುಗಳೆಲ್ಲ 1974ರಿಂದ ಈಚೆಗೆ ಜನ ತಾಳ್ಮೆಯಿಂದ ಕೂತು ಅಂಟಿಸಿದ್ದು.

ಈಗ ಕುಂಬಾರನ ಹತ್ತಿರ ಬರೋಣ.

ಕಾಲು ಗಟ್ಟಿ ಮಣ್ಣಿನದು. ಮೈ ಟೊಳ್ಳು. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುರುಳಿ ಸುತ್ತುತ್ತಾ ಮೇಲಕ್ಕೆ ಕಟ್ಟಿಕೊಂಡು ಹೋಗಿದ್ದಾರೆ. ತಲೆ ಬೇರೆ ಮಾಡಿದ್ದು, ಎರಡು ಹೋಳಿನ ಅಚ್ಚಿನಲ್ಲಿ. ಕೈಗಳೂ ಬೇರೆ. ಅಚ್ಚಿನಿಂದ ತೆಗೆದ ಮುಖ ಬೋಳುಬೋಳಾಗಿರುತ್ತದೆ. ಅದರ ಮೇಲೆ ಮೀಸೆ, ಹುಬ್ಬು, ಕಿವಿ, ಜಡೆ ಎಲ್ಲ ಕೈಯಲ್ಲೇ ಸೇರಿಸಿದ್ದು. ಅದಕ್ಕೇ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. 2014ರಲ್ಲಿ ಸಂಶೋಧಕರು 30 ಸೈನಿಕರ ಕಿವಿಗಳನ್ನು ಕಂಪ್ಯೂಟರಿನಲ್ಲಿ ಅಳೆದು ನೋಡಿದರು. ಎರಡು ಕಿವಿ ಒಂದೇ ಥರ ಇರಲಿಲ್ಲ. ಆಮೇಲೆ ಆವಿಗೆಯಲ್ಲಿಟ್ಟು ಸುಮಾರು 900ರಿಂದ 1,000 ಡಿಗ್ರಿಯಲ್ಲಿ ಸುಟ್ಟಿದ್ದಾರೆ. ನಮ್ಮ ಕುಂಬಾರರಿಗೆ ಒಂದು ದೊಡ್ಡ ಹರವಿ ಬಿರುಕು ಬಿಡದ ಹಾಗೆ ಸುಡುವುದೇ ಸಾಹಸ. ಇವು 150 ಕಿಲೋ ಮೀರಿದ ಆಳೆತ್ತರದ ಬೊಂಬೆಗಳು. ಒಂದೆರಡಲ್ಲ, ಸಾವಿರಗಟ್ಟಲೆ.

ಸುಟ್ಟ ಮೇಲೆ ಬಣ್ಣ. ನಮಗೆಲ್ಲ ಈ ಸೈನಿಕರು ಬೂದು ಬಣ್ಣದವರು ಅಂತಲೇ ಪರಿಚಯ. ಅಸಲಿಗೆ ಇವರು ಜಾತ್ರೆಯ ತೇರಿನ ಬೊಂಬೆಗಳ ಹಾಗೆ ಥಳಥಳ ಅನ್ನುತ್ತಿದ್ದರು. ಕೆಂಪಿಗೆ ಇಂಗುಲೀಕ, ಹಸಿರು ನೀಲಿಗೆ ತಾಮ್ರದ ಅದಿರು, ಬಿಳಿಗೆ ಮೂಳೆಯ ಪುಡಿ. ನೇರಳೆಯಂತೂ ಪ್ರಕೃತಿಯಲ್ಲಿ ಸಿಗುವುದಲ್ಲ, ಬೇರಿಯಮ್ ಮತ್ತು ತಾಮ್ರದ ಖನಿಜಗಳನ್ನು ಮರಳಿನ ಜೊತೆ ಕಾಯಿಸಿ ಮನುಷ್ಯರೇ ತಯಾರಿಸಿದ್ದು. 1999ರಲ್ಲಿ ಹಸಿರು ಮುಖದ ಒಬ್ಬ ಬಿಲ್ಲುಗಾರನೂ ಸಿಕ್ಕ. ಅವನ ಮುಖಕ್ಕೆ ಹಸಿರು ಯಾಕೆ ಬಳಿದರೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರೋ ಒಬ್ಬ ಕೆಲಸಗಾರನ ತಲೆಹರಟೆ ಅಂತ ನನಗೆ ಅನ್ನಿಸುತ್ತದೆ. ಸುಮ್ನೆ ನನ್ನ ಊಹೆ, ಬರೆದುಕೊಳ್ಳಬೇಡಿ.

ಹಾಗಾದರೆ ಬಣ್ಣ ಎಲ್ಲಿ ಹೋಯಿತು? ಬಣ್ಣ ಬಳಿಯುವ ಮೊದಲು ಮಣ್ಣಿಗೆ ಒಂದು ಮರದ ರಸ ಹಚ್ಚಿದ್ದರು. ಚನ್ನಪಟ್ಟಣದ ಬೊಂಬೆಗೆ ಹಾಕುವ ಅರಗು ಹುಳುವಿನಿಂದ ಬರುತ್ತದೆ, ಇದು ಬೇರೆ, ಗಿಡದಿಂದ ಇಳಿಸುವ ಅಂಟು. ಎರಡು ಸಾವಿರ ವರ್ಷ ತೇವದಲ್ಲಿದ್ದ ಆ ಪದರಕ್ಕೆ ಹೊರಗಿನ ಒಣ ಗಾಳಿ ತಾಕಿದರೆ ಸಾಕು, ಕೆಲವೇ ನಿಮಿಷದಲ್ಲಿ ಹಪ್ಪಳದ ಹಾಗೆ ಸುರುಳಿ ಸುತ್ತಿ ಉದುರುತ್ತದೆ. ಬಣ್ಣವೂ ಅದರ ಜೊತೆಗೇ ಹೋಗುತ್ತದೆ. ಮೊದಮೊದಲು ಅಗೆದವರ ಕಣ್ಣೆದುರೇ ಹೀಗಾಯಿತು. ಆಮೇಲೆ ಜರ್ಮನಿಯ ಬವೇರಿಯಾದ ತಜ್ಞರ ಜೊತೆ ಸೇರಿ ಒಂದು ದಾರಿ ಹುಡುಕಿದರು. ಬೊಂಬೆ ಒದ್ದೆ ಇರುವಾಗಲೇ ಪಾಲಿಎಥಿಲೀನ್ ಗ್ಲೈಕಾಲ್ ಹಚ್ಚುವುದು, ಅದು ನೀರಿನ ಜಾಗಕ್ಕೆ ಹೋಗಿ ಕೂತು ಪದರ ಮುದುಡದಂತೆ ಹಿಡಿದುಕೊಳ್ಳುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅಲ್ಲಿ ಸಿಕ್ಕ ಕಂಚಿನ ಕತ್ತಿಗಳು ತುಕ್ಕು ಹಿಡಿಯದೆ ಹೊಸದರಂತೆ ಇರುವುದಕ್ಕೆ ಆಗಿನ ಜನ ಕ್ರೋಮಿಯಂ ಲೇಪನ ಕಂಡುಹಿಡಿದಿದ್ದೇ ಕಾರಣ ಅಂತ ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಚಪ್ಪಾಳೆಯೂ ಗಿಟ್ಟಿಸಿದೆ. 2019ರಲ್ಲಿ ಬಂದ ಸಂಶೋಧನೆ ಅದನ್ನು ಅಲ್ಲಗಳೆಯಿತು. ಕ್ರೋಮಿಯಂ ಬಂದಿದ್ದು ಪಕ್ಕದಲ್ಲಿದ್ದ ಅದೇ ಮರದ ರಸದಿಂದ. ಕಂಚು ಚೆನ್ನಾಗಿ ಉಳಿದಿದ್ದಕ್ಕೆ ಅದರಲ್ಲಿ ತವರ ಜಾಸ್ತಿ ಇದ್ದದ್ದು, ಅಲ್ಲಿನ ನಯವಾದ ಮಣ್ಣಿನ ಗುಣ, ಇವು ಕಾರಣ. ನಿಮ್ಮಲ್ಲಿ ಯಾರಾದರೂ ನನ್ನ ಹಳೆಯ ಮಾತು ಕೇಳಿ ಬೇರೆಯವರಿಗೆ ಹೇಳಿದ್ದರೆ ದಯವಿಟ್ಟು ತಿದ್ದಿಬಿಡಿ.

ಈಗ ಈ ಚಿತ್ರ. ಇದು ಬೊಂಬೆಯ ಮೈಮೇಲೆ, ಸುಲಭಕ್ಕೆ ಕಾಣದ ಕಡೆ ಒತ್ತಿರುವ ಅಕ್ಷರ. ಮೊದಲ ಅಕ್ಷರ "ಗೊಂಗ್", ಅರಮನೆ ಅಂತ. ಪಕ್ಕದ್ದು ಒಬ್ಬ ಮನುಷ್ಯನ ಹೆಸರು. ಅಂದರೆ ಅರಮನೆಯ ಕಾರ್ಖಾನೆಯ ಇಂಥವನು ಮಾಡಿದ್ದು. ಇನ್ನು ಕೆಲವದರ ಮೇಲೆ ರಾಜಧಾನಿ ಶಿಯೆನ್‌ಯಾಂಗಿನ ಹೆಸರು, ಅದರ ಮುಂದೆ ಅಲ್ಲಿಂದ ಬಂದ ಕುಂಬಾರನ ಹೆಸರು. ಹೀಗೆ ಎಂಬತ್ತಕ್ಕೂ ಜಾಸ್ತಿ ಹೆಸರು ಸಿಕ್ಕಿವೆ. ಅರಮನೆಯವರ ಬೊಂಬೆಗಳು ಸ್ವಲ್ಪ ಬಿಗುವಾಗಿ, ಒಂದೇ ಅಳತೆಯಲ್ಲಿವೆ. ಊರಿನ ಕುಂಬಾರರ ಬೊಂಬೆಗಳಲ್ಲಿ ದಪ್ಪಗಿರುವವರು, ಸಣಕಲರು, ಹೊಟ್ಟೆ ಬಂದವರು ಎಲ್ಲ ಇದ್ದಾರೆ.

ಹೆಸರು ಅಂದ ತಕ್ಷಣ ನಿಮಗೆ ಬೇಲೂರು ನೆನಪಾಗುತ್ತದೆ, ನನಗೂ ಆಯಿತು. ಬಳ್ಳಿಗಾವಿಯ ದಾಸೋಜ ಮದನಿಕೆಯ ಪೀಠದ ಮೇಲೆ ತನ್ನ ಹೆಸರು, ಬಿರುದು ಎಲ್ಲ ಕೆತ್ತಿಕೊಂಡಿದ್ದಾನೆ. ಅಷ್ಟು ಹಿಂದಕ್ಕೆ ಹೋಗಬೇಕಾದರೆ ಬ್ರಹ್ಮಗಿರಿಯ ಅಶೋಕನ ಶಾಸನ ಇದೆ. ಅದರ ಕೊನೆಯಲ್ಲಿ ಬರೆದವನು ಚಪಡ ಅಂತ ಸಹಿ ಇದೆ. ಅವನಂತೂ ತನಗೆ ವಾಯವ್ಯದ ಖರೋಷ್ಠಿ ಲಿಪಿಯೂ ಬರುತ್ತದೆ ಅಂತ ಒಂದು ಪದ ಆ ಲಿಪಿಯಲ್ಲೇ ಬರೆದಿದ್ದಾನೆ. ನೋಡಿ, ಚಿನ್ ಕುಂಬಾರರಿಗೂ ಚಪಡನಿಗೂ ನಡುವೆ ಇರುವುದು ಕೆಲವೇ ದಶಕ. ಆದರೆ ಚಪಡ ಸಹಿ ಹಾಕಿದ್ದು ಜಂಬದಿಂದ. ಚಿನ್ ಕುಂಬಾರ ಹೆಸರು ಒತ್ತಿದ್ದು ಹೆದರಿಕೆಯಿಂದ.

ಯಾಕೆ ಹೆದರಿಕೆ? ಆ ರಾಜ್ಯದಲ್ಲಿ ಒಂದು ನಿಯಮ ಇತ್ತು. ಮಾಡಿದ ವಸ್ತುವಿನ ಮೇಲೆ ಮಾಡಿದವನ ಹೆಸರಿರಬೇಕು. ಕೆಲಸ ಕೆಟ್ಟರೆ ಹಿಡಿದು ಶಿಕ್ಷೆ ಕೊಡೋಕೆ ಸುಲಭ ಅಲ್ವಾ? ಯಿಂಗ್ ಝೆಂಗ್ ಚಿಕ್ಕವನಿದ್ದಾಗ ರಾಜ್ಯ ನಡೆಸುತ್ತಿದ್ದ ಮಂತ್ರಿ ಲು ಬುವೆ. ಅವನು ಬರೆಸಿದ ಪುಸ್ತಕದಲ್ಲೇ ಈ ಮಾತು ನೇರವಾಗಿ ಇದೆ. ಗುಂಡಿಯಲ್ಲಿ ಸಿಕ್ಕ ಕೆಲವು ಕಂಚಿನ ಆಯುಧಗಳ ಮೇಲೆ ಇಡೀ ಸರಪಳಿಯೇ ಇದೆ. ಮೇಲೆ ಲು ಬುವೆಯ ಹೆಸರು, ಆಮೇಲೆ ಕಾರ್ಖಾನೆಯ ಮುಖ್ಯಸ್ಥ, ಅವನ ಕೈಕೆಳಗಿನವನು, ಕೊನೆಗೆ ಎರಕ ಹೊಯ್ದ ಕೆಲಸಗಾರ. ಯಾರ ಕುತ್ತಿಗೆ ಹಿಡಿಯಬೇಕು ಅನ್ನುವುದಕ್ಕೆ ವಿಳಾಸ ಅದರಲ್ಲೇ ಇದೆ. ಅದಕ್ಕೇ ಹೇಳಿದ್ದು, ಆ ಅಟ್ಟೆಯ ಹೊಲಿಗೆ ನೋಡಿದಾಗ ನನಗೆ ಎರಡೂ ಅನ್ನಿಸುತ್ತದೆ. ಒಬ್ಬ ಕಸುಬುದಾರನ ಪ್ರೀತಿ ಅನ್ನಿಸುತ್ತದೆ. ಮೇಸ್ತ್ರಿ ಬಂದು ನೋಡುತ್ತಾನೆ ಅನ್ನುವ ಭಯವೂ ಅನ್ನಿಸುತ್ತದೆ.

ಸಮಾಧಿಯ ದಿಬ್ಬ ಇರುವುದು ಈ ಗುಂಡಿಗಳಿಂದ ಒಂದೂವರೆ ಕಿಲೋಮೀಟರ್ ಪಶ್ಚಿಮಕ್ಕೆ. ಅದನ್ನು ಇನ್ನೂ ಯಾರೂ ತೆರೆದಿಲ್ಲ. ಒಳಗೆ ಏನಿದೆ ಅಂತ ಬರೆದವನು ಸಿಮಾ ಚಿಯೆನ್ ಎಂಬ ಇತಿಹಾಸಕಾರ, ಚಕ್ರವರ್ತಿ ಸತ್ತು ನೂರು ವರ್ಷದ ಮೇಲೆ. ಪಾದರಸದ ನದಿಗಳು, ಮೇಲೆ ನಕ್ಷತ್ರ, ಕೆಳಗೆ ಭೂಮಿಯ ನಕ್ಷೆ, ಒಳಗೆ ಹೋದವರಿಗೆ ತಾನಾಗಿ ಬಾಣ ಬಿಡುವ ಅಡ್ಡಬಿಲ್ಲುಗಳು. ಕೊನೆಗೆ, ಗುಟ್ಟು ಗೊತ್ತಿದ್ದ ಕುಶಲಕರ್ಮಿಗಳನ್ನು ಒಳಗೇ ಬಿಟ್ಟು ಬಾಗಿಲು ಹಾಕಿದರು ಅನ್ನುತ್ತಾನೆ. ಕತೆ ಅಂತ ನಗುತ್ತಿದ್ದವರು 1980ರ ದಶಕದಲ್ಲಿ ದಿಬ್ಬದ ಮಣ್ಣು ಪರೀಕ್ಷೆ ಮಾಡಿದಾಗ ಸುಮ್ಮನಾದರು. ಪಾದರಸದ ಅಂಶ ಸುತ್ತಲಿಗಿಂತ ಬಹಳ ಜಾಸ್ತಿ ಇತ್ತು. ತಮಾಷೆ ಅಂದರೆ, ಇಷ್ಟೆಲ್ಲ ಬರೆದವನು ಮಣ್ಣಿನ ಸೈನ್ಯದ ಬಗ್ಗೆ ಒಂದೇ ಒಂದು ಮಾತೂ ಬರೆದಿಲ್ಲ.

ಯಾಕೆ ತೆರೆಯುತ್ತಿಲ್ಲ ಅಂತ ಈಗಲೇ ಯಾರೋ ಕೈ ಎತ್ತಿದರು. ಬೀಜಿಂಗ್ ಹತ್ತಿರ ಮಿಂಗ್ ಚಕ್ರವರ್ತಿ ವಾನ್‌ಲಿಯ ಸಮಾಧಿಯನ್ನು 1956ರಿಂದ 58ರವರೆಗೆ ಅಗೆದು ತೆರೆದರು. ಒಳಗಿದ್ದ ರೇಷ್ಮೆ ಹಾಳಾಯಿತು. 1966ರಲ್ಲಿ ಕ್ರಾಂತಿಯ ಹುಡುಗರು ನುಗ್ಗಿ ಚಕ್ರವರ್ತಿಯ ಮೂಳೆಗಳನ್ನೇ ಸುಟ್ಟರು. ಅಲ್ಲಿಗೆ ಬುದ್ಧಿ ಬಂತು. ನನ್ನ ಕೇಳಿದರೆ, ಮುಚ್ಚಿದ್ದೇ ಒಳ್ಳೆಯದು. ನಾಲ್ಕು ನಿಮಿಷದಲ್ಲಿ ಬಣ್ಣ ಉದುರಿಸಿಕೊಂಡವರು ನಾವು.

ಆ ಚಕ್ರವರ್ತಿ ಸತ್ತಿದ್ದು ಕ್ರಿ.ಪೂ. 210ರ ಬೇಸಿಗೆಯಲ್ಲಿ, ಪ್ರವಾಸದಲ್ಲಿದ್ದಾಗ. ಸಾಯದಿರುವ ಮದ್ದು ಹುಡುಕುತ್ತಾ ಸಮುದ್ರದ ದಡದವರೆಗೂ ಅಲೆದಿದ್ದವನು. ಜೊತೆಗಿದ್ದ ಮಂತ್ರಿ ಲಿ ಸಿ ಮತ್ತು ಝಾವೊ ಗಾವ್ ಸಾವನ್ನು ಮುಚ್ಚಿಟ್ಟರು. ಗಾಡಿಯಲ್ಲಿ ಹೆಣ ನಾರೋಕೆ ಶುರುವಾದಾಗ ಪಕ್ಕದ ಗಾಡಿಗಳಿಗೆ ಉಪ್ಪುಮೀನು ತುಂಬಿಸಿದರು. ಹಿರಿಯ ಮಗನಿಗೆ ಸುಳ್ಳು ಪತ್ರ ಕಳಿಸಿ ಸಾಯಿಸಿ, ಕಿರಿಯವನನ್ನು ಪಟ್ಟಕ್ಕೆ ಕೂರಿಸಿದರು. ಮರುವರ್ಷವೇ ದಂಗೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕತೆ ಬರುತ್ತದೆ. ಲಿಯು ಬಾಂಗ್ ಅಂತ ಒಬ್ಬ ಸಣ್ಣ ಅಧಿಕಾರಿ. ಅವನ ಕೆಲಸ, ಕೈದಿಗಳನ್ನು ಲಿಶಾನಿಗೆ, ಅಂದರೆ ಇದೇ ಸಮಾಧಿಯ ಕೆಲಸಕ್ಕೆ, ನಡೆಸಿಕೊಂಡು ಹೋಗಿ ಒಪ್ಪಿಸುವುದು. ದಾರಿಯಲ್ಲಿ ದಿನಾ ಒಬ್ಬೊಬ್ಬ ಓಡಿಹೋಗುತ್ತಿದ್ದಾನೆ. ಹೀಗೇ ಆದರೆ ಅಲ್ಲಿ ಮುಟ್ಟುವ ಹೊತ್ತಿಗೆ ಒಬ್ಬನೂ ಇರುವುದಿಲ್ಲ, ನನ್ನ ತಲೆ ಹೋಗುತ್ತದೆ ಅಂತ ಲೆಕ್ಕ ಹಾಕಿದ. ಒಂದು ರಾತ್ರಿ ಕುಡಿದು ಉಳಿದವರನ್ನೆಲ್ಲ ಬಿಟ್ಟುಬಿಟ್ಟ. ನೀವೂ ಹೋಗಿ, ನಾನೂ ಹೋಗುತ್ತೇನೆ ಅಂದ. ಅವರಲ್ಲಿ ಒಂದಷ್ಟು ಜನ ಅವನ ಜೊತೆಗೇ ಉಳಿದರು. ಅದೇ ಅವನ ಮೊದಲ ಸೈನ್ಯ. ಕೆಲವೇ ವರ್ಷಕ್ಕೆ ಅವನು ಹಾನ್ ವಂಶದ ಮೊದಲ ಚಕ್ರವರ್ತಿಯಾದ.

ಇನ್ನೊಂದು ಕಡೆ, ದಂಗೆಕೋರರು ಸಮಾಧಿಯ ಹತ್ತಿರಕ್ಕೇ ಬಂದುಬಿಟ್ಟರು. ಸೈನ್ಯ ಕರೆಸೋಕೆ ಟೈಮಿಲ್ಲ. ಝಾಂಗ್ ಹಾನ್ ಎಂಬ ಅಧಿಕಾರಿ, ಲಿಶಾನಿನಲ್ಲಿ ಕೈದಿಗಳಿದ್ದಾರಲ್ಲ, ಅವರಿಗೆ ಮಾಫಿ ಕೊಟ್ಟು ಆಯುಧ ಕೊಡಿ ಅಂದ. ಹಾಗೇ ಮಾಡಿದರು. ಯೋಚನೆ ಮಾಡಿ. ಪಕ್ಕದಲ್ಲೇ ನೆಲದಡಿ ಸಾವಿರಾರು ಮಣ್ಣಿನ ಸೈನಿಕರು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾರೆ. ಶತ್ರುಗಳು ಬಂದಿದ್ದೂ ಪೂರ್ವದಿಂದಲೇ. ಎದುರಿಸೋಕೆ ಹೋದವರು ಮಾತ್ರ ಮಣ್ಣು ಹೊತ್ತವರು. ಅವರು ಗೆದ್ದರು ಕೂಡ. ಆಮೇಲೆ ಒಂದೆರಡು ವರ್ಷ ಕಾದಾಡಿ, 207ರಲ್ಲಿ ಝಾಂಗ್ ಹಾನ್ ಶರಣಾದ. ಗೆದ್ದ ದಂಗೆಕೋರರ ನಾಯಕ ಶಿಯಾಂಗ್ ಯು ಶರಣಾದ ಚಿನ್ ಸೈನಿಕರನ್ನು, ಸಿಮಾ ಚಿಯೆನ್ ಹೇಳುವ ಪ್ರಕಾರ ಎರಡು ಲಕ್ಷ ಜನರನ್ನು, ಮಣ್ಣಲ್ಲಿ ಹೂತುಹಾಕಿದ.

ಸಮಾಧಿಗೆ ದುಡಿದವರು ಏಳು ಲಕ್ಷ ಅಂತಲೂ ಸಿಮಾ ಚಿಯೆನ್ ಬರೆದಿದ್ದಾನೆ. ನನಗೆ ಆ ಅಂಕಿ ಜಾಸ್ತಿ ಅನ್ನಿಸುತ್ತದೆ, ಇರಲಿ. ಅವರಲ್ಲಿ ಎಲ್ಲರೂ ಕಳ್ಳರು ಕೊಲೆಗಾರರಲ್ಲ. ದಂಡ ಕಟ್ಟಲಾಗದೆ ಸಾಲ ಉಳಿಸಿಕೊಂಡವರೂ ಇದ್ದರು. ಆಗಿನ ಕಾನೂನು ಬರೆದ ಬಿದಿರಿನ ಪಟ್ಟಿಗಳು 1975ರಲ್ಲಿ ಬೇರೊಂದು ಕಡೆ, ಒಬ್ಬ ಗುಮಾಸ್ತನ ಗೋರಿಯಲ್ಲಿ ಸಿಕ್ಕವು. ಅದರಲ್ಲಿ ದರ ಇದೆ. ಸರ್ಕಾರದ ಸಾಲವನ್ನು ಕೂಲಿ ಮಾಡಿ ತೀರಿಸುವವನಿಗೆ ದಿನಕ್ಕೆ 8 ಕಾಸು ವಜಾ. ಊಟ ಸರ್ಕಾರವೇ ಹಾಕಿದರೆ 6 ಕಾಸು.

ಕೊನೆಯ ಚಿತ್ರ. ಸಮಾಧಿಯ ಹತ್ತಿರದ ಝಾವೊಬೆಹು ಎಂಬ ಹಳ್ಳಿಯಲ್ಲಿ ಕೂಲಿಗಳ ಸ್ಮಶಾನ ಸಿಕ್ಕಿತು. ಕೆಲವು ಹೆಣಗಳ ಜೊತೆ ಒಡೆದ ಹೆಂಚಿನ ಚೂರು ಇಟ್ಟಿದ್ದರು. ಅದರ ಮೇಲೆ ಮೊಳೆಯಂಥದ್ದರಲ್ಲಿ ಗೀಚಿದ ಅಕ್ಷರ. ಇದೊಂದನ್ನು ಓದುತ್ತೇನೆ. ಊರು ದೊಂಗ್‌ವು. ಅದು ಈಗಿನ ಶಾಂಡಾಂಗ್ ಪ್ರಾಂತ್ಯದಲ್ಲಿದೆ, ಅಲ್ಲಿಂದ ಸಮಾಧಿಗೆ ಹತ್ತಿರ ಹತ್ತಿರ 1,000 ಕಿಲೋಮೀಟರ್. ಕಾರಣ, ದಂಡದ ಸಾಲಕ್ಕೆ ಕೂಲಿ. ದರ್ಜೆ ಶಾಂಗ್‌ಝಾವೊ, ಇಪ್ಪತ್ತು ಮೆಟ್ಟಿಲಲ್ಲಿ ಕೆಳಗಿನಿಂದ ಎರಡನೆಯದು. ಹೆಸರು ಚಿಂಗ್‌ಜಿ.

ಅವನ ಸಾಲ ಎಷ್ಟಿತ್ತು, ಎಷ್ಟು ದಿನ ಬಾಕಿ ಇತ್ತು ಅಂತ ಹೆಂಚಿನ ಮೇಲೆ ಬರೆದಿಲ್ಲ.